ಹಗೇವಿನ ಉಸಿರು

ನಮ್ಮ ಮನೆಯ ಅಂಗಳದ ಕೆಳಗೆ ಇನ್ನೊಂದು ಮನೆಯಿತ್ತು. ಅದಕ್ಕೆ ಕಿಟಕಿ ಇರಲಿಲ್ಲ, ಬಾಗಿಲು ನೆತ್ತಿಯ ಮೇಲಿತ್ತು. ಅಲ್ಲಿ ವಾಸವಾಗಿದ್ದದ್ದು ಜೋಳ. ಹಗೇವು ಎಂದರೆ ಈಗ ಬಿಡಿಸಿ ಹೇಳಬೇಕಾಗುತ್ತದೆ. ನೆಲದೊಳಗೆ ದೊಡ್ಡ ಗಡಿಗೆಯ ಆಕಾರಕ್ಕೆ ತೋಡಿದ ಕಣಜ ಅದು. ಮೈಗೆಲ್ಲ ಕಣಿಕಿಯ, ಎಂದರೆ ಜೋಳದ ಒಣದಂಟಿನ ಹಾಸು, ಒಬ್ಬ ಮನುಷ್ಯ ಭುಜ ಮುದುಡಿಕೊಂಡು ಇಳಿಯುವಷ್ಟು ಬಾಯಿ. ಕಾಳು ತುಂಬಿದ ಮೇಲೆ ಬಾಯಿಗೊಂದು ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ನಮ್ಮ ಎತ್ತು, ನಮ್ಮ ಹೊರಸು, ನಮ್ಮ ಜಗಳ. ಸಾವಳಗಿ ಕಡೆಯ ಕಪ್ಪು ಎರಿಭೂಮಿಯಲ್ಲಿ ಹೀಗೆ ಊಟದ ಮೇಲೆಯೇ ಮಲಗುವುದು ಗೌರವಸ್ಥರ ಲಕ್ಷಣವಾಗಿತ್ತು.

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದ ಹೊಸತು. ನಾನು ಬಿ.ಎಸ್ಸಿ. ಎಂಬ ಪದವಿಯನ್ನು ಹೊತ್ತು ಜಮಖಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿ ಕೂತಿದ್ದೆ. ವಾರವೆಲ್ಲ ಒಂದು ಬಾಡಿಗೆ ಖೋಲಿ, ಶನಿವಾರ ಸಾಲಿ ಬಿಟ್ಟ ಮೇಲೆ ಬಸ್ಸು ಹಿಡಿದು ಊರು. ಕಲಿಸುತ್ತಿದ್ದ ಪಾಠಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಉಸಿರಾಟದ್ದು. ಉಂಡ ಅನ್ನ ದೇಹದಲ್ಲಿ ಜ್ವಾಲೆಯಿಲ್ಲದೆ ಮೆಲ್ಲಗೆ ಉರಿಯುತ್ತದೆ, ಆ ಉರಿಯ ಕಾವೇ ಮೈಯ ಕಾವು, ಆ ಉರಿಯ ಬಲವೇ ಕೈಕಾಲಿನ ಬಲ, ಎಂದು ನಾನು ಬಲು ಗಂಭೀರವಾಗಿ ಸಾರುತ್ತಿದ್ದೆ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳೇ ಕೇಳುತ್ತಿದ್ದ:

"ಸರ್, ಉರಿ ಇದ್ದಲ್ಲಿ ಹೊಗಿ ಇರಬೇಕಲ್ರೀ?"

"ನೀ ಬಿಡೂ ಉಸಿರೇ ಹೊಗಿ. ಕುಂಡ್ರು."

ಕುಳಿತುಕೊಳ್ಳುವ ಮೊದಲು ಆತ ಪಕ್ಕದವನ ಮುಖಕ್ಕೆ ಒಮ್ಮೆ ಹೊಗೆ ಬಿಟ್ಟೇ ಕೂಡುತ್ತಿದ್ದ.

ಅವ್ವನ ಜೋಳದ ವಿಷಯ ಹೇಳಬೇಕು. ಆಕೆಯ ತವರು ಬೀಳಗಿ ಕಡೆಯದು. ಮದುವೆಯಾಗಿ ಬರುವಾಗ ಆಕೆಯ ತಾಯಿ ಉಡಿಯಲ್ಲಿ ಕಟ್ಟಿಕೊಟ್ಟ ಒಂದಿಷ್ಟು ಜೋಳವನ್ನು ಅವ್ವ ಅಡಿಗೆಗೆ ಹಾಕಲಿಲ್ಲ, ಹೊಲದ ಬಾವಿಯ ಮಗ್ಗುಲಿಗೆ ಒಂದು ಪಟ್ಟಿ ಬಿತ್ತಿಸಿದಳು. ಅಂದಿನಿಂದ ಆ ಪಟ್ಟಿ ಆಕೆಯದು. ತೆನೆ ದುಂಡಗೆ, ಕಾಳು ಹಾಲಿನ ಬಣ್ಣ. ಅದರ ರೊಟ್ಟಿ ಬೆಳಿಗ್ಗೆ ಬಡಿದರೆ ಸಂಜೆಯವರೆಗೆ ಮೆತ್ತಗೆ ಇರುತ್ತಿತ್ತು. ಸುಗ್ಗಿಯಲ್ಲಿ ಕಣದಲ್ಲಿ ಕೂತು ತೆನೆ ತೆನೆಯನ್ನೂ ತಿರುಗಿಸಿ ನೋಡಿ, ಹೆಣ್ಣು ನೋಡುವವರಂತೆ ಹತ್ತು ತಕರಾರು ತೆಗೆದು, ಆರಿಸಿದ್ದನ್ನು ಬಡಿದು, ಬೂದಿ ಬೆರೆಸಿ, ಅಡಿಗೆಮನೆಯ ಮೂಲೆಯ ದೊಡ್ಡ ಹರವಿಯಲ್ಲಿ ತುಂಬಿಡುತ್ತಿದ್ದಳು. ಬಿತ್ತಲಿಕ್ಕೂ ಅದೇ, ಬೀಗರು ಬಂದರೆ ರೊಟ್ಟಿಗೂ ಅದೇ.

"ನನ್ನ ಹೊಲದಾಗ ನಿನ್ನ ತವರಮನಿ ಬೆಳೀತಿ," ಎಂದು ಅಪ್ಪ ಚುಚ್ಚುತ್ತಿದ್ದ.

"ನಿಮ್ಮ ಹೊಲದಾಗ ಬ್ಯಾರೆ ಏನ್ ಬೆಳೀತೈತ್ರಿ?" ಎಂದು ಅವ್ವ.

ಒಂದು ವರ್ಷ ಸುಗ್ಗಿ ಮುಗಿದು, ಹರವಿ ತುಂಬಿ, ಹಗೇವಿಗೆ ಕಾಳು ಹಾಕುವ ಹೊತ್ತಿಗೆ ಅವ್ವ ಜ್ವರದಲ್ಲಿ ಹೋದಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಹೋದ ಕೆಲವೇ ದಿನಕ್ಕೆ ಮೋಡ ಕಟ್ಟತೊಡಗಿತು. ಕಣದಲ್ಲಿ ಬಿದ್ದ ಕಾಳಿಗೆ ಮನೆಯ ದುಃಖ ಗೊತ್ತಾಗುವುದಿಲ್ಲವಾದ್ದರಿಂದ ಅಪ್ಪ ಆಳುಗಳನ್ನು ಕರೆದು ಹಗೇವು ತುಂಬಿಸಿದ. ಹಗೇವಿಗೆ ಒಂದು ಕಟ್ಟಳೆಯಿದೆ. ಕೊರಳತನಕ ಕಾಳು ನಿಲ್ಲಬೇಕು, ಕಲ್ಲಿಗೂ ಕಾಳಿಗೂ ನಡುವೆ ಟೊಳ್ಳು ಉಳಿಯಬಾರದು. ಉಳಿದರೆ ಗಾಳಿ ಉಳಿಯುತ್ತದೆ, ಗಾಳಿಯಲ್ಲಿ ಹುಳ ಬೆಳೆಯುತ್ತದೆ. ಆ ದಿನ ಕೊರಳಿಗೆ ಕಡಿಮೆ ಬಿತ್ತು. ಮೇಲೆ ಗುಡುಗು. ಅಪ್ಪ ಅಂಗಳದಿಂದ "ಇನ್ನಷ್ಟು ತರ್ರೀ" ಎಂದು ಕೂಗಿದ. ಅಪ್ಪನ ಅಕ್ಕ, ಎಂದರೆ ನಮ್ಮ ಅತ್ತಿ, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದವಳು, ಒಳಗೆ ಓಡಿ ಕೈಗೆ ಸಿಕ್ಕ ಹರವಿಯನ್ನು ಹೊರಳಿಸಿಕೊಂಡು ಬಂದು ಹಗೇವಿನ ಬಾಯಿಗೆ ಸುರಿದಳು. ಕೊರಳು ತುಂಬಿತು. ಕಲ್ಲು ಮುಚ್ಚಿತು. ಮಳೆ ಬರಲಿಲ್ಲ.

ಬಿತ್ತುವ ಕಾಲಕ್ಕೆ ಅಪ್ಪ ಬಾವಿಯ ಪಟ್ಟಿಗೆಂದು ಬೀಜ ತೆಗೆಯಲು ಹೋಗಿ ಹರವಿಯೊಳಗೆ ಕೈ ಇಳಿಸಿದ. ಕೈ ತಳಕ್ಕೆ ಹೋಗಿ ಮುಟ್ಟಿತು.

"ಅಕ್ಕಾ, ಇದು ಯಾಕ ಬರೀದೈತಿ?"

"ಹಗೇವಿಗೆ ಸುರುವಿದ್ನಲ್ಲೋ. ಕೊರಳಿಗೆ ಕಡಿಮಿ ಬಿತ್ತಂತ ನೀನ ಕೂಗಿದಿ."

"ಯಾವ ಜ್ವಾಳ ಅಂತ ನೋಡಬಾರದೇನ?"

"ಅವತ್ತ ಕಣ್ಣಾಗ ನೀರ ಬಿಟ್ರ ನನಗೇನ್ ಕಾಣ್ತಿತ್ತೋ ತಮ್ಮಾ."

ಅಪ್ಪ ಹರವಿಯ ಬಾಯಿ ಮುಚ್ಚಿದ. ಮರುದಿನ ರುಮಾಲು ಸುತ್ತಿಕೊಂಡು ಬೀಳಗಿ ಕಡೆ ಅವ್ವನ ತವರಿಗೆ ಹೋಗಿ ಬಂದ. ಅಲ್ಲಿ ಆ ಜೋಳದ ಹೆಸರು ಕೂಡ ಯಾರಿಗೂ ನೆನಪಿರಲಿಲ್ಲ. ಆ ಹೊಲಗಳಲ್ಲಿ ಹತ್ತಿ ನಿಂತಿತ್ತು. ನಮ್ಮ ಊರಲ್ಲಿ ಅವ್ವ ಬೀಜ ಕೊಟ್ಟಿದ್ದವರೆಲ್ಲ ಅದರ ರೊಟ್ಟಿಯನ್ನು ಹೊಗಳುತ್ತ ಹೊಗಳುತ್ತ ಬೀಜವನ್ನೇ ಉಂಡು ಮುಗಿಸಿದ್ದರು. ಉಳಿದದ್ದು ಹಗೇವಿನಲ್ಲಿದ್ದದ್ದು ಮಾತ್ರ. ತೆಗೆಯಬೇಕೆಂದರೆ ಹಗೇವು ಪೆಟ್ಟಿಗೆಯಲ್ಲ, ಬೇಕೆಂದಾಗ ತೆರೆದು ಒಂದು ಹಿಡಿ ತೆಗೆದು ಮುಚ್ಚಲಿಕ್ಕೆ. ಒಮ್ಮೆ ಬಾಯಿ ತೆರೆದರೆ ಇಡೀ ಹೊಟ್ಟೆ ಖಾಲಿ ಮಾಡಬೇಕು. ಆ ಹಸಿ ಹವೆಯಲ್ಲಿ ಅಷ್ಟು ಕಾಳನ್ನು ಎಲ್ಲಿ ಹರವುವುದು? ಬಾವಿಯ ಪಟ್ಟಿ ಆ ವರ್ಷ ಬೀಳುಬಿತ್ತು. ಬೇರೆ ಬೀಜ ಹಾಕಲು ಅಪ್ಪ ಒಪ್ಪಲಿಲ್ಲ.

ಶನಿವಾರ ನಾನು ಬಸ್ಸಿಳಿದು ಬಂದ ಕೂಡಲೇ ಕೇಳಿದ, "ಲೇ ಮಾಸ್ತರಾ, ಹಗೇವಿನಾಗ ಕಾಳು ಎಷ್ಟ ದಿನ ಜೀವ ಹಿಡೀತಾವ?"

ಹಗೇವಿನ ಜೋಳ ಉಣ್ಣಲಿಕ್ಕೆ, ಬಿತ್ತಲಿಕ್ಕಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೆ ಊರಿನ ಮಾತು ಅವನಿಗೆ ಬೇಕಾಗಿರಲಿಲ್ಲ. ಪುಸ್ತಕದಲ್ಲಿ ಬೇರೆ ಏನಾದರೂ ಬರೆದಿರಬಹುದೆಂಬ ಆಸೆ. ನಾನು ಹೊರಸಿನ ತುದಿಗೆ ಕೂತು, ಒಂಬತ್ತನೆಯ ಇಯತ್ತೆಗೆ ಹೇಳಿದಂತೆಯೇ ಹೇಳಿದೆ. ಕಾಳು ಕಲ್ಲಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿವೆ. ಮಲಗಿದ್ದರೂ ಅವು ಉಸಿರಾಡುತ್ತವೆ. ತಮ್ಮದೇ ಹಿಟ್ಟನ್ನು ತುಸು ತುಸು ಸಕ್ಕರೆ ಮಾಡಿಕೊಂಡು, ಗಾಳಿಯ ಪ್ರಾಣವಾಯು ಕೂಡಿಸಿ ಸುಟ್ಟು, ಆ ಶಕ್ತಿಯಲ್ಲಿ ಜೀವ ಹಿಡಿದುಕೊಂಡಿರುತ್ತವೆ. ಹಗೇವಿನೊಳಗಿನ ಗಾಳಿ ತೀರಿದ ಮೇಲೆ ಉಸಿರು ಬಲು ಸಣ್ಣದಾಗುತ್ತದೆ.

"ಅಂದ್ರ ಉಸರ ಬಿಗಿಹಿಡದು ಕುಂತಿರ್ತಾವ."

"ಕೆಲವು ಕುಂತಿರಬಹುದು, ಅಪ್ಪಾ."

"ಕುಂತಿರ್ತಾವ," ಎಂದ. ಆವತ್ತೇ ಹಗೇವಿನ ಮೇಲೆ ಕಟ್ಟುತ್ತಿದ್ದ ಎತ್ತನ್ನು ಬಿಚ್ಚಿ, ಗಂಜಲ ಇಂಗೀತೆಂದು ಆಚೆ ಗ್ವಾದಲಿಗೆ ಕಟ್ಟಿದ. ಹೊರಸನ್ನು ಮಾತ್ರ ಅಲ್ಲೇ ಬಿಟ್ಟ. ಮುಂದಿನ ಒಂದು ವರ್ಷ ಅಪ್ಪ ಆ ಹೊರಸಿನ ಮೇಲೆ ಕೂತು ಜೋರಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಕೆಳಗೆ ಯಾರೋ ಮಲಗಿದ್ದಾರೆ ಎಂಬ ಲಕ್ಷ್ಯ.

ಊಟ ಮಾತ್ರ ಕಡಿಮೆಯಾಗಿತ್ತು. ಅತ್ತಿ ಎರಡು ರೊಟ್ಟಿ ಹಾಕಿದರೆ ಒಂದೂವರೆ ತಾಟಿನಲ್ಲೇ ಉಳಿಯುತ್ತಿತ್ತು.

"ಉಣ್ಣಲೇ, ಸೊರಗಿ ಕಣಿಕಿ ಆಗೀದಿ."

"ಹಸಿವಿಲ್ಲ ಅಕ್ಕಾ."

"ಕಾಳಿನ ಕೂಡ ನೀನೂ ಉಸರ ಬಿಗಿಹಿಡದೀಯೇನ?"

ಮರುವರ್ಷ ಬಿತ್ತನೆಗೆ ಮುಂಚೆ ಒಂದು ವಾರ ಬಿಸಿಲು ಬಿತ್ತು. ಅಪ್ಪ ಹಗೇವು ತೆಗೆಸಿದ. ಇಳಿಯಲಿಕ್ಕೆ ಪಕ್ಕದ ಊರಿನಿಂದ ಅದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬ ಗಟ್ಟಿ ಆಳು ಬಂದಿದ್ದ. ಮಣ್ಣು ಕೆದರಿ, ಹಾರೆ ಹಾಕಿ ಕಲ್ಲು ಸರಿಸಿದಾಗ ಒಂದು ವಾಸನೆ ಬಂತು: ಹುಳಿ, ಮಣ್ಣು, ಹಳೆಯ ಹಿಟ್ಟು, ಎಲ್ಲ ಕೂಡಿದ್ದು. ಒಂದಾಳುದ್ದ ಕೆಳಗೆ ಕಾಳು ಕುಸಿದಿತ್ತು. ತುಂಬಿದ ಕಾಳು ವರ್ಷದಲ್ಲಿ ಕೂತು ಇಳಿಯುತ್ತದೆ, ಮೇಲೆ ಉಳಿಯುವುದು ಕೆಟ್ಟ ಗಾಳಿ. ಆ ಗಾಳಿಗೆ ಇಳಿದವನು ಮೇಲೆ ಬರುವುದಿಲ್ಲವೆಂದು ನಮ್ಮ ಸೀಮೆಯ ಎಲ್ಲರಿಗೂ ಗೊತ್ತು. ಅದಕ್ಕೇ ಮೊದಲು ದೀಪ ಇಳಿಸುವುದು. ಆಳು ಕಂದೀಲಿಗೆ ಹಗ್ಗ ಕಟ್ಟಿ ಮೆಲ್ಲಗೆ ಬಿಟ್ಟ. ಕಲ್ಲಿನ ಅಂಚು ದಾಟಿತು, ಕೊರಳು ದಾಟಿತು, ಬೆಳಕು ಒಮ್ಮೆ ಕುಗ್ಗಿತು, ಆರಿತು.

"ಇವತ್ತ ಆಗಂಗಿಲ್ರೀ ಯಜಮಾನ್ರ. ನಾಳಿ ನೋಡೋಣು," ಎಂದ ಆತ, ಹಗ್ಗ ಎಳೆದುಕೊಳ್ಳುತ್ತ.

ಅಪ್ಪ ನನ್ನ ಕಡೆ ತಿರುಗಿದ. "ಯಾಕ ಆರಿತಲೇ?"

"ಒಳಗಿನ ಪ್ರಾಣವಾಯು ತೀರೈತಿ. ಅದರ ಬದಲಿಗೆ ಉಸಿರು ಬಿಟ್ಟ ಗಾಳಿ ತುಂಬೈತಿ."

"ಯಾರ ಉಸರು?"

"ಕಾಳಿಂದು."

ವರ್ಷದ ಮೇಲೆ ಅಪ್ಪನ ಮುಖದಲ್ಲಿ ಆ ಬೆಳಕನ್ನು ನೋಡಿದೆ. ಆರಿದ ಕಂದೀಲನ್ನು ಕೈಗೆ ತೆಗೆದುಕೊಂಡು, ಬಹುಮಾನ ಬಂದಿದೆಯೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ. "ಕೇಳಿದೇನ ಅಕ್ಕಾ? ಉಸರಾಡ್ಯಾವಂತ!" ನಾನು ಹೇಳದೆ ಬಿಟ್ಟದ್ದು ಇಷ್ಟು: ಹಗೇವಿನಲ್ಲಿ ಉಸಿರಾಡುವುದು ಕಾಳು ಒಂದೇ ಅಲ್ಲ. ಹುಳವೂ ಉಸಿರಾಡುತ್ತದೆ, ಬೂಸ್ಟೂ ಉಸಿರಾಡುತ್ತದೆ. ದೀಪಕ್ಕೆ ಅವರಿವರೆಂಬ ಭೇದವಿಲ್ಲ.

ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅಪ್ಪ ಪಂಕ್ತಿಯಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಧೋತರದ ಕಚ್ಚೆ ಬಿಗಿದು, ನಡುವಿಗೆ ಹಗ್ಗ ಸುತ್ತಿಕೊಂಡು, ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಹೊರಸಿನ ಕಾಲಿಗೆ ಕಟ್ಟಿದ್ದ. ಹೊರಸು ಅವನಿಗಿಂತ ಹಗುರವಾಗಿತ್ತು.

ನಾನು ಹಿಂದಿನಿಂದ ತೋಳು ಹಿಡಿದೆ. ಅತ್ತಿ ಎಡಗೈಯಿಂದ ಹಗ್ಗ ಹಿಡಿದಳು, ಬಲಗೈ ಎಂಜಲಾಗಿತ್ತು.

"ಎಲ್ಲಿಗೆ ಹೊಂಟಿ?"

"ಒಂದ ಹಿಡಿ ತರ್ತೀನಿ. ಉಸರ ಬಿಗಿಹಿಡದು ಇಳೀತೀನಿ."

"ಆಕೀನ ಕಳಸಿದ್ದ ಸಾಲದೇನ ನಮಗ? ಏಳು. ಏಳಲೇ, ಸಾರು ಆರಾಕತ್ತೈತಿ."

ಅಪ್ಪ ಎದ್ದ. ಆ ದಿನ ಸಂಜೆಯತನಕ ನಾನೂ ಆಳೂ ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಹಗೇವಿನೊಳಗೆ ಏರಿಸಿ ಇಳಿಸಿ ಗಾಳಿ ಕಲಕಿದೆವು. ಮರುದಿನ ಬೆಳಿಗ್ಗೆ ಕಂದೀಲು ಕಾಳಿನ ಮೇಲೆ ಕೂತರೂ ಉರಿಯುತ್ತಲೇ ಇತ್ತು. ಆಳು ಇಳಿದ. ಮೇಲಿನ ಪದರದಲ್ಲಿ, ನಟ್ಟನಡುವೆ, ಬೂದಿ ಬಡಿದ ಕಾಳು ಕಂಡಿತು. ಅಪ್ಪ ಬಾಯಿಯ ಅಂಚಿಗೆ ಬೋರಲು ಮಲಗಿ "ಅದ, ಅದ, ಬ್ಯಾರೇದು ಕೂಡಸಬ್ಯಾಡ" ಎಂದು ಕೂಗುತ್ತಿದ್ದ. ಹರವಿಯಿಂದ ಹೋದದ್ದರಲ್ಲಿ ಒಂದು ಚೀಲದಷ್ಟು ಮರಳಿ ಬಂತು.

ಮಡಿಕೆಕಾಳಿಗೆ ಮೊಳಕೆ ಬರಿಸುವಂತೆಯೇ ಅತ್ತಿ ಒಂದು ಬೊಗಸೆ ಕಾಳು ನೆನೆಹಾಕಿ, ಬನಹಟ್ಟಿಯ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಒಲೆಯ ಹಿಂದಿನ ಬೆಚ್ಚನೆಯ ಜಾಗದಲ್ಲಿಟ್ಟಳು. ಜೀವವಿದ್ದರೆ ಅಲ್ಲಿ ಉಸಿರಾಟ ಜೋರಾಗಬೇಕು. ಮಲಗಿದ ಕೋಶಗಳು ನೀರು ಕುಡಿದು ಎದ್ದು, ಕೂಡಿಟ್ಟ ಹಿಟ್ಟನ್ನು ಸರಸರನೆ ಸುಟ್ಟು, ಆ ಬಲದಿಂದ ಬೇರು ಇಳಿಸಬೇಕು. ಸುಡುವಾಗ ಎಲ್ಲ ಶಕ್ತಿಯನ್ನೂ ಹಿಡಿದಿಡಲು ಯಾವ ಕೋಶದಿಂದಲೂ ಆಗುವುದಿಲ್ಲ, ಒಂದು ಪಾಲು ಕಾವಾಗಿ ಸೋರುತ್ತದೆ. ಮೊಳೆಯುವ ಗಂಟು ಬೆಚ್ಚಗಿರುವುದು ಅದಕ್ಕೇ. ಕೋಶದೊಳಗೆ ಈ ಕೆಲಸ ನಡೆಯುವ ಅಡಿಗೆಮನೆಗೆ ಮೈಟೋಕಾಂಡ್ರಿಯಾ ಎಂದು ಹೆಸರಿದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗಿನ ನಮ್ಮ ಪುಸ್ತಕ ಕೋಶದ ಬಾಗಿಲತನಕ ಬಂದು, ಚಪ್ಪಲಿ ಬಿಡಲೂ ಮನಸ್ಸಾಗದೆ ಮರಳಿ ಹೋಗುತ್ತಿತ್ತು.

ಆ ವಾರ ನಾನು ರಜೆ ಬರೆದು ಹಾಕಿ ಊರಲ್ಲೇ ಉಳಿದೆ. ಅಪ್ಪ ಗಂಟಿನ ಮುಂದೆಯೇ ಕೂತ. ಎರಡನೆಯ ದಿನ ಗಂಟಿನೊಳಗೆ ಬೆರಳು ತೂರಿಸಿ ನನ್ನನ್ನು ಕರೆದ.

"ಮುಟ್ಟಿ ನೋಡಲೇ. ಬೆಚ್ಚಗಾಗ್ಯಾವು."

ಮುಟ್ಟಿದೆ. ಹೌದು, ಬೆಚ್ಚಗಿತ್ತು. ಬೆರಳಿಗೆ ಲೋಳೆಯೂ ಹತ್ತಿತು. ಅಪ್ಪನ ಮುಖ ನೋಡಿದರೆ ಏನೂ ಹೇಳುವಂತಿರಲಿಲ್ಲ. ಗಂಟಿನ ವಾಸನೆ ಹತ್ತಿದ ಅತ್ತಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಮರುದಿನ ಗಂಟು ಬಿಚ್ಚಿದೆವು. ಕಾಳಿನ ಮೇಲೆ ಬೂದುಬಣ್ಣದ ಬೂಸ್ಟು ಹತ್ತಿಯಂತೆ ಹಬ್ಬಿತ್ತು. ಬೆಚ್ಚಗಿದ್ದದ್ದು ಅದರ ಉಸಿರು. ಅಪ್ಪ ಒಂದೊಂದೇ ಕಾಳನ್ನು ಬೆರಳಲ್ಲಿ ಬಿಡಿಸಿ ನೋಡಿದ. ಎಲ್ಲಿಯೂ ಬೇರಿನ ಬಿಳಿ ಚುಕ್ಕಿ ಇರಲಿಲ್ಲ. ಚೀಲದ ಬೇರೆ ಬೇರೆ ಕಡೆಯಿಂದ ತೆಗೆದು ಮತ್ತೊಮ್ಮೆ ನೆನೆಹಾಕಿದೆವು, ಮಗುದೊಮ್ಮೆ ಹಾಕಿದೆವು. ಅದೇ ಉತ್ತರ.

"ಹಂಗಾರ ಖರೇನ ಹೋಗ್ಯಾಳ," ಎಂದ ಅಪ್ಪ. ಕಾಳಿನ ಮಾತು ಎಂದು ನಾವಿಬ್ಬರೂ ತಿಳಿದುಕೊಂಡಂತೆ ನಟಿಸಿದೆವು.

ಮುಧೋಳ ಕಡೆಯಿಂದ ತಂದ ಬೀಜ ಬಾವಿಯ ಪಟ್ಟಿಗೂ ಬಿತ್ತು. ಅವ್ವನ ಚೀಲದ ಕಾಳು ಮೊಳೆಯದಿದ್ದರೂ ಉಣ್ಣಲು ಅಡ್ಡಿಯಿರಲಿಲ್ಲ. ಅತ್ತಿ ಬೂದಿ ತೊಳೆದು, ಹಲವು ದಿನ ಬಿಸಿಲಿಗೆ ಹರವಿ, ಬೀಸಿ, ಅಪ್ಪನ ಪಾಲಿನ ರೊಟ್ಟಿಯನ್ನು ಅದರಲ್ಲೇ ಬಡಿಯತೊಡಗಿದಳು. ಹಗೇವಿನ ಘಮಲು ತುಸು ಇತ್ತು, ಆದರೂ ಸಂಜೆಯತನಕ ಮೆತ್ತಗೇ ಇರುತ್ತಿತ್ತು. ಅಪ್ಪ ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಆಮೇಲೆ ತಾಟಿನಲ್ಲಿ ಏನೂ ಉಳಿಯಲಿಲ್ಲ.

ಕೆಲವು ವಾರದಲ್ಲಿ ಮೈ ತುಂಬಿಕೊಂಡಿತು. ಚೀಲ ಇಳಿಯುತ್ತ ಬಂದದ್ದೂ ಅಪ್ಪನಿಗೆ ಕಾಣುತ್ತಿತ್ತು.

"ಲೇ, ಉಂಡದ್ದು ಎಲ್ಲಿ ಹೋಗ್ತೈತಿ?" ಎಂದ ಒಂದು ರವಿವಾರ.

"ಮುಂಜಾನೆದ್ದು ಚರಿಗಿ ಹಿಡದು ಎಲ್ಲಿ ಹೋಗ್ತಿ, ಅಲ್ಲಿ," ಎಂದಳು ಅತ್ತಿ ಒಳಗಿನಿಂದ.

ಅದು ಸಣ್ಣ ಪಾಲೆಂದು ನಾನು ಅವಳ ಕ್ಷಮೆ ಕೋರಿ ವಿವರಿಸಿದೆ. ರೊಟ್ಟಿ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತ ಸೇರಿ ಒಂದೊಂದು ಕೋಶಕ್ಕೂ ಹೋಗುತ್ತದೆ. ಅಲ್ಲಿ ಪ್ರಾಣವಾಯುವಿನ ಜೊತೆ ಸುಡುತ್ತದೆ. ಬಲ ನಮಗೆ ಉಳಿಯುತ್ತದೆ. ಸುಟ್ಟು ಉಳಿದದ್ದು ನೀರಾಗಿ, ಗಾಳಿಯಾಗಿ ಹೊರಟುಹೋಗುತ್ತದೆ. ಜೋಳದೊಳಗಿನ ಇಂಗಾಲದ ಬಹುಪಾಲು ನಾವು ಬಿಡುವ ಉಸಿರಿನಲ್ಲಿ ಹೋಗುತ್ತದೆ.

"ಉಸರಿನಾಗ? ಕಾಣಂಗಿಲ್ಲಲ್ಲ."

ಕಾಣಿಸುತ್ತದೆ ಎಂದೆ. ಅತ್ತಿಯ ಎಲಿಅಡಿಕಿ ಚಂಚಿಯ ಸುಣ್ಣವನ್ನು ನೀರಲ್ಲಿ ಕದಡಿ, ತಿಳಿಯಾದ ಮೇಲೆ ಒಂದು ಗಾಜಿನ ಗ್ಲಾಸಿಗೆ ಬಗ್ಗಿಸಿಕೊಂಡೆ. ಹಿತ್ತಲಿನ ಔಡಲ ಎಲೆಯ ಪೊಳ್ಳು ದಂಟನ್ನು ಮುರಿದು ಅಪ್ಪನ ಕೈಗೆ ಕೊಟ್ಟು, ಊದು, ಹೀರಬ್ಯಾಡ ಎಂದೆ. ಊದಿದ. ಗುಳುಗುಳು ಎಂದು ಗುಳ್ಳೆ ಎದ್ದವು. ತಿಳಿನೀರು ಮೊದಲು ಮಂಜಾಗಿ, ಆಮೇಲೆ ಹಾಲಾಯಿತು.

"ಇದ ನೋಡು, ರೊಟ್ಟಿ," ಎಂದೆ. ಬೇಳೆ, ಮಜ್ಜಿಗೆ, ಶೇಂಗಾಚಟ್ನಿಯ ಪಾಲೂ ಅದರಲ್ಲಿತ್ತು. ಅದನ್ನು ಹೇಳಲಿಲ್ಲ.

ಅಪ್ಪ ಗ್ಲಾಸನ್ನು ಬಿಸಿಲಿಗೆ ಹಿಡಿದ. "ಆಕಿ ಜ್ವಾಳದ ಬಣ್ಣನ ಐತಿ," ಎಂದ. ಗೋಡೆಯ ಗೂಡಿನಲ್ಲಿಟ್ಟ. ಮರುದಿನಕ್ಕೆ ಬಿಳುಪು ತಳಕ್ಕೆ ಕೂತು, ಒಂದು ಚಿಟಿಕೆ ಹಿಟ್ಟಿನಷ್ಟಾಗಿತ್ತು. ಮುಂದಿನ ಶನಿವಾರ ನಾನು ಬಂದಾಗ ಗೂಡಿನಲ್ಲಿ ಗ್ಲಾಸಿರಲಿಲ್ಲ. ಅತ್ತಿ ಬೂದಿ ಹಾಕಿ ಫಳಫಳ ಬೆಳಗಿ ಬೋರಲು ಹಾಕಿದ್ದಳು.

"ನಿನ್ನ ಕೈಗೆ ಸಿಕ್ಕದ್ದು ಒಂದಾರ ಉಳದೈತೇನ ಅಕ್ಕಾ?"

"ನೀ ಉಳದೀಯಲ್ಲ!" ಎಂದಳು ಅತ್ತಿ.

ಅಪ್ಪ ನಕ್ಕ. ನಕ್ಕು, ನನ್ನ ಕಡೆ ತಿರುಗಿ ಕೇಳಿದ, "ಗ್ಲಾಸಿನಾಗ ಹಿಡೀಲಿಲ್ಲಂದ್ರ ಆ ಉಸರು ಎಲ್ಲಿ ಹೋಗ್ತೈತಿ?"

"ಗಾಳಿಯಾಗ. ಗಿಡ, ಬೆಳಿ ಅದನ್ನ ತಗೋತಾವ. ಬಿಸಿಲಾಗ ಅದರಿಂದನ ಹಿಟ್ಟ ಕಟ್ಟತಾವ."

"ಜ್ವಾಳನೂ?"

"ಜ್ವಾಳನೂ."

"ಮುಧೋಳದ್ದೂ?"

"ಅದಕ್ಕ ಊರಿನ ಭೇದ ಇಲ್ಲಪ್ಪಾ."

ಮುಂದಿನ ರವಿವಾರ ಬೆಳಿಗ್ಗೆ ನಾನೂ ಅತ್ತಿಯೂ ಬುತ್ತಿ ಹಿಡಿದು ಹೊಲಕ್ಕೆ ಹೋದೆವು. ಚಳಿಗಾಲದ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಬಾವಿಯ ಪಟ್ಟಿಯ ಜೋಳ ಎದೆಮಟ್ಟ ನಿಂತು, ತೆನೆ ಹೊರಡುವ ಹೊಡೆಗೆ ಬಂದಿತ್ತು. ಅದರ ಬದುವಿನ ಮೇಲೆ ಅಪ್ಪ ಬೆಳೆಗೆ ಮುಖ ಮಾಡಿ ಕೂತಿದ್ದ. ಕೈಯಲ್ಲಿ ಕುಡಗೋಲಿಲ್ಲ, ಕವಣೆಯಿಲ್ಲ. ಪ್ರತಿ ಉಸಿರಿಗೂ ಬಾಯಿಂದ ಬಿಳಿ ಹಬೆ ಎದ್ದು ಎಲೆಗಳ ಕಡೆ ಹೋಗಿ ಕರಗುತ್ತಿತ್ತು. ಕಣ್ಣಿಗೆ ಕಾಣುವ ಆ ಹಬೆ ಬರೀ ನೀರು, ಬೆಳೆಗೆ ಬೇಕಾದದ್ದು ಕಾಣುವುದಿಲ್ಲ ಎಂಬುದು ನನ್ನ ತುಟಿಯತನಕ ಬಂದು ನಿಂತಿತು.

"ಚಳಿಯಾಗ ಇಲ್ಲಿ ಕುಂತು ಏನ ಮಾಡಾಕತ್ತೀಲೇ?" ಎಂದಳು ಅತ್ತಿ.

ಅಪ್ಪ ತಿರುಗಲಿಲ್ಲ. ಇನ್ನೊಂದು ಉಸಿರನ್ನು ನಿಧಾನವಾಗಿ ಬಿಟ್ಟು, ಅದು ಹೋಗುವ ತನಕ ಕಾದು ಹೇಳಿದ:

"ಬಿತ್ತಾಕತ್ತೇನಿ."

ಅತ್ತಿ ಬುತ್ತಿ ಇಳಿಸಿ ಅವನ ಪಕ್ಕದಲ್ಲಿ ಕೂತಳು.